ಚನ್ನಾಜಮ್ಮನ ಹುಣಸೆ ಬೀಜ

"ನಮ್ ರತ್ನಿ ಎಸ್ರು ತೆಗ್ದುಬುಡಿ ಸಾ. ನಾಳಿಂದ ಬರಾಕಿಲ್ಲ," ಎಂದಳು ಚನ್ನಾಜಮ್ಮ, ಆಗಿನ್ನೂ ಮದರಾಸು ಸರ್ಕಾರಕ್ಕೆ ಸೇರಿದ್ದ ಕೊಳ್ಳೇಗಾಲದ ಹೈಸ್ಕೂಲಿನ ಕ್ಲಾಸಿನ ಬಾಗಿಲಲ್ಲೇ ನಿಂತು. ಒಳಗೆ ಮಕ್ಕಳು ನೆಲದ ಮೇಲೆ ಸುತ್ತ ಕೂತು ಒಡೆದ ಹುಣಸೆ ಬೀಜ ಎಸೆಯುತ್ತಿದ್ದರು. ನಡುವೆ ಕುಕ್ಕರಗಾಲಲ್ಲಿ ಲೆಕ್ಕದ ಮೇಷ್ಟ್ರು ಗುರುಪಾದಸ್ವಾಮಿ. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು. "ಚೌಕಾಬಾರ ಆಡ್ಸಾಕೆ ನಮ್ಮೂರ್ ಮುಡಿಗುಂಡದಿಂದ ಇಲ್ಗಂಟ ನಡಿಸ್ತೀರಾ? ನಮ್ ಜಗುಲೀಲೇ ಆಡ್ತಿತ್ತಲ್ಲ ಮಗ."

ಮಕ್ಕಳು ನಕ್ಕರು. ರತ್ನಿ ಮಾತ್ರ ತಲೆ ತಗ್ಗಿಸಿದಳು.

"ಮದರಾಸಿನೋರ ಪರೀಕ್ಷೆಗೆ ಇಲ್ಲದ ಪಾಠ ಕಣಮ್ಮ, ನಾನೇ ಹೇಳ್ಕೊಡ್ತಿರೋದು," ಎಂದರು ಮೇಷ್ಟ್ರು. "ಒಂದು ಬೀಜ ಕಪ್ಪು ಮೇಲಾಗಿ ಬಿತ್ತು ಅಂತ ಇನ್ನೊಂದೂ ಹಾಗೇ ಬೀಳುತ್ತಾ? ಅದು ಇದನ್ನ ಕೇಳ್ಕೊಂಡು ಬೀಳುತ್ತಾ? ಅದನ್ನ ನೋಡ್ತಿದ್ವಿ. ಇರಲಿ, ಹುಡುಗೀನ ಯಾಕೆ ಬಿಡಿಸ್ತೀರಿ?"

"ನೂಲಿಗೆ ರೇಷ್ಮೆ ಗೂಡು ಬೇಯ್ಸೋ ಬೀದೀಲಿ ನಡ್ಕಂಡು ಬತ್ತಾಳೆ. ಆ ವಾಸ್ನೆ ಲಂಗಕ್ಕೆ ಮೆತ್ಕಂಡು ಮನೆಗೂ ಬತ್ತದೆ. ತಮ್ಮೋರ್ನ ಬೇಯ್ಸಿದ ವಾಸ್ನೆ ರೇಷ್ಮೆ ಉಳಕ್ಕೆ ತಿಳಿಯಾಕಿಲ್ವಾ ಸಾ? ಮೊನ್ನೆ ಪೊರೆ ಬುಡಕ್ಕೆ ಅಂತ ಕುಂತವು ಏಳ್ನೇ ಇಲ್ಲ."

ರತ್ನಿ ಎದ್ದು ನಿಂತಳು. "ಅಜ್ಜಿ, ನಾನು ಇಸ್ಕೂಲಿಗೆ ಸೇರಕ್ ಮುಂಚೆ ಉಳ ಸತ್ತೇ ಇರ್ನಿಲ್ವಾ?"

"ಸಾಯ್ದೆ ಏನು? ಆದ್ರೆ..." ಎಂದಳು ಚನ್ನಾಜಮ್ಮ. ಮೇಷ್ಟ್ರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬೊಗಸೆ ಬೀಜ ಅವಳ ಮುಂದಿಟ್ಟರು. ಗೆರೆಯ ಈ ಕಡೆ ರತ್ನಿ ಆ ಬೀದಿಯಲ್ಲಿ ನಡೆಯಲು ಶುರುಮಾಡಿದ ಮೇಲಿನ ಹುಳದ ಬೆಳೆಗಳು, ಆ ಕಡೆ ಅದಕ್ಕೆ ಮುಂಚಿನವು. ಬೆಳೆಗೊಂದು ಬೀಜ: ಗೂಡು ಕಟ್ಟಿದ್ದಕ್ಕೆ ಬಿಳಿ ಮೈ ಮೇಲೆ, ಕೆಟ್ಟದ್ದಕ್ಕೆ ಕಪ್ಪು ಮೈ. "ನೀವೇ ಇಡಿ. ನಮಗೇನು ಗೊತ್ತು."

ಅವಳು ಮಂಡಿ ಹಿಡಿದುಕೊಂಡು ಕೂತಳು. ಒಂದೊಂದು ಬೆಳೆಯೂ ಹೆತ್ತ ಮಗುವಿನ ಹಾಗೆ ನೆನಪಿತ್ತು. ಸೊಸೆಗೆ ಓಲೆ ತಂದ ಬೆಳೆ, ನೆಂದ ಸೊಪ್ಪು ತಿಂದು ಕೊಳೆತ ಬೆಳೆ, ಪುಷ್ಯದ ಚಳಿಗೆ ಸೆಟೆದದ್ದು. ಇಡುತ್ತ ಇಡುತ್ತ ಕೈ ನಿಧಾನವಾಯಿತು. ಎರಡು ಕಡೆಯೂ ಮೂರು ಬೀಜಕ್ಕೊಂದು ಕಪ್ಪು.

"ರತ್ನಮ್ಮ ನಡೆದರೂ ಅಷ್ಟೆ, ನಡೆಯದಿದ್ದರೂ ಅಷ್ಟೆ," ಎಂದರು ಮೇಷ್ಟ್ರು. "ಹುಳ ಇವಳ ದಾರಿ ಕೇಳ್ಕೊಂಡು ಸಾಯೋದಲ್ಲಮ್ಮ."

ಚನ್ನಾಜಮ್ಮ ಕೂತೇ ಇದ್ದಳು. ಇಟ್ಟ ಬೆಳೆಗಳೆಲ್ಲ ಗಂಡ ತೀರಿಕೊಂಡ ಮೇಲಿನವು; ಆಮೇಲೆ ಅವಳು ಹುಳದ ಮನೆಯ ಹೊಸ್ತಿಲು ದಾಟಿರಲಿಲ್ಲ. ಗಂಡ ಸತ್ತವಳ ನೆರಳು ಹುಳದ ಮೇಲೆ ಬೀಳಬಾರದೆಂದು ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ತಾನಾಗಿ ಹಿಂದೆ ಸರಿದಿದ್ದಳು. ಅಂದಿನಿಂದ ಹೊರಗೆ ಕೂತು ಸೊಪ್ಪು ಹೆಚ್ಚುವುದು, ಗೋಡೆಗೆ ಕಿವಿಯಾನಿಸಿ ಹುಳ ಮೇಯುವ ಸದ್ದು ಕೇಳುವುದು. ಹೊಸ ಸೀರೆಯ ಮಡಿಕೆ ಬಿಚ್ಚಿದಂಥ ಸದ್ದು. ನಾನು ಹೊರಗಿರುವುದಕ್ಕೇ ಅಷ್ಟಾದರೂ ಉಳಿಯುತ್ತಿವೆ ಎಂದು ನಂಬಿ ಸಮಾಧಾನಪಟ್ಟುಕೊಂಡಿದ್ದಳು.

"ಇನ್ನೊಂದ್ ಗೆರೆ ಎಳೀರಿ ಸಾ. ಈ ಕಡೆ, ಈ ಮುಂಡೆ ಉಳದ್ ಮನೆ ಒಳೀಕೆ ಓದಾಗ. ಆ ಕಡೆ, ಓಗ್ದೆ ಇದ್ದಾಗ."

ಮೇಷ್ಟ್ರು ಗೆರೆ ಎಳೆದರು. ಬೀಜಗಳೆಲ್ಲ ಆ ಕಡೆಗೇ ಹೋದವು, ಕಪ್ಪೂ ಸೇರಿದಂತೆ. ಈ ಕಡೆ ಬರಿಯ ನೆಲ.

"ಇಲ್ಲಿ ಏನ್ ಮಡಗ್ಲಿ? ಓಗೇ ಇಲ್ವಲ್ಲ."

"ಹಾಗಾದ್ರೆ ಈ ಕಡೆ ಬಗ್ಗೆ ಹೇಳೋಕೆ ಬರಲ್ಲಮ್ಮ. ಒಳ್ಳೇದು ಅಂತಲೂ, ಕೆಟ್ಟದ್ದು ಅಂತಲೂ."

"ಅವ್ಳೆಸ್ರು ಇರ್ಲಿ ಬುಡಿ," ಎನ್ನುತ್ತ ಚನ್ನಾಜಮ್ಮ ಎದ್ದಳು. ಒಂದು ಬೀಜವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಸಂಜೆ ಅಜ್ಜಿ ಮೊಮ್ಮಗಳು ಗೂಡು ಬೇಯಿಸುವ ಬೀದಿಯಲ್ಲೇ ಮನೆಗೆ ನಡೆದರು.

ಹುಳದ ಮನೆಯಲ್ಲಿ ಸೊಸೆ ಶಿವನಂಜಮ್ಮ ಹೊಸದಾಗಿ ಇಟ್ಟ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಚನ್ನಾಜಮ್ಮ ಕಾಲು ತೊಳೆದು, ಬೀಜವನ್ನು ಬಾಗಿಲ ಚೌಕಟ್ಟಿನ ಸಂದಿಗೆ ಅಂಚು ಮಾತ್ರ ಕಾಣುವಂತೆ ಸಿಕ್ಕಿಸಿದಳು. ಬಿಳುಪೂ ಕಾಣದು, ಕಪ್ಪೂ ಕಾಣದು. ಆಮೇಲೆ ಹೊಸ್ತಿಲು ದಾಟಿದಳು.

ಶಿವನಂಜಮ್ಮನ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು. "ಅತ್ತೆ... ಈ ಸಲವೂ ಕೆಟ್ರೆ?"

"ಕೆಟ್ರೆ ಆ ಬೀಜ್ವ ಕಪ್ ಮೈ ತಿರುಗ್ಸಿ ಮಡಗು," ಎಂದು ಚನ್ನಾಜಮ್ಮ ಸೊಪ್ಪಿಗೆ ಕೈ ಚಾಚಿದಳು. "ಒಂದೇ ಬೀಜ್ದಲ್ಲಿ ಏನ್ ಗೊತ್ತಾದದು? ಮುಂದಿನ್ ಬೆಳೇಗೂ ಬತ್ತೀನಿ."