ಕಚ್ಚಿದ ಶಾರ್ಕಿನ ಗುರುತು

“ಸರಿಯಾಗಿ ನೋಡಿ ಹೇಳಮ್ಮ. ಇದೇನಾ?” ಎಂದು ಮೀನುಗಾರರ ಸಂಘದ ಅಧ್ಯಕ್ಷ ಕೇಳಿದ.

ಬಂದರಿನ ಕಟ್ಟೆಯ ಮೇಲೆ, ತೂಕದ ಕೊಕ್ಕೆಗೆ ಬಾಲ ಸಿಕ್ಕಿಸಿ ತಲೆಕೆಳಗಾಗಿ ತೂಗುಹಾಕಿದ್ದ ಶಾರ್ಕಿನ ಮುಂದೆ ಈಜು ಟೀಚರ್ ಊರುಗೋಲು ಊರಿಕೊಂಡು ನಿಂತಿದ್ದಳು. ಅವಳ ಎಡಗಾಲಿನ ಮೀನಖಂಡಕ್ಕೆ ಶಾರ್ಕ್ ಬಾಯಿ ಹಾಕಿ ಮೂರು ತಿಂಗಳಾಗಿತ್ತು. ಕಚ್ಚಿದ್ದನ್ನು ಹಿಡಿದು ಕೊಲ್ಲುವ ತನಕ ಬಿಡುವುದಿಲ್ಲವೆಂದು ಊರು ಪಣ ತೊಟ್ಟಿತ್ತು. ಅದನ್ನು ಕಂಡವಳು ಅವಳೊಬ್ಬಳೇ. ಹಾಗಾಗಿ ದೋಣಿಗಳು ಯಾವ ಶಾರ್ಕನ್ನು ಎಳೆದು ತಂದರೂ, ಕಳ್ಳನ ಗುರುತು ಹಿಡಿಯಲು ಠಾಣೆಗೆ ಕರೆಸಿದ ಹಾಗೆ ಅವಳಿಗೆ ಹೇಳಿ ಕಳಿಸುತ್ತಿದ್ದರು. ಇಲ್ಲಿ ಕಳ್ಳರೆಲ್ಲ ಹೆಣವಾಗಿಯೇ ಬರುತ್ತಿದ್ದರು ಎನ್ನುವುದು ಬೇರೆ ಮಾತು. ಅವಳು ‘ಇದಲ್ಲ’ ಎಂದರೆ ಮರುದಿನ ಮತ್ತೆ ಗಾಳ ಬೀಳುತ್ತಿತ್ತು.

ಇಲ್ಲಿಯವರೆಗೆ ಬಂದ ಎಲ್ಲದಕ್ಕೂ ಅವಳು ‘ಇದಲ್ಲ’ ಎಂದಿದ್ದಳು. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ ಅದು. ಆದರೆ ಅವಳು ನಿಜ ಹೇಳಿದಷ್ಟೂ ಕಟ್ಟೆಯ ಮೇಲೆ ಹೆಣಗಳು ಹೆಚ್ಚುತ್ತಿದ್ದವು. ಹಿಂದಿನ ದಿನ ತಂದದ್ದರ ಹೊಟ್ಟೆ ಸೀಳಿದಾಗ ಮೊಳದುದ್ದದ ಮರಿಗಳು ಜಾರಿ ಬಿದ್ದು ವಿಲವಿಲ ಒದ್ದಾಡಿದ್ದವು. ಅದನ್ನು ಕಂಡು ಮನೆಗೆ ಹೋದವಳಿಗೆ ಊಟ ಸೇರಿರಲಿಲ್ಲ.

ಹಾಗೆಂದು ಅವಳಿಗೆ ಶಾರ್ಕಿನ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿತ್ತು ಎಂದುಕೊಳ್ಳಬೇಡಿ. ಇದ್ದದ್ದು ಹೆದರಿಕೆಯೇ. ಬಚ್ಚಲಲ್ಲಿ ಬಕೆಟ್ ತುಂಬ ನೀರು ಕಂಡರೂ ಎದೆ ಢವಢವ ಎನ್ನುತ್ತಿತ್ತು. ಆದರೆ ಅವತ್ತು ನಡೆದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮುಸ್ಸಂಜೆ, ಕದಡಿದ ನೀರು. ಹೊಳೆ ಸಮುದ್ರ ಸೇರುವ ಕಡೆ, ಮೀನು ಹೆಚ್ಚುವ ಶೆಡ್ಡಿನವರು ತಲೆ, ಕರುಳುಗಳನ್ನೆಲ್ಲ ಸುರಿಯುವ ಜಾಗದಲ್ಲೇ ಅವಳು ಈಜುತ್ತಿದ್ದಳು. ಅದು ಒಮ್ಮೆ ಬಾಯಿ ಹಾಕಿತು. ತಾನು ಹುಡುಕಿಕೊಂಡು ಬಂದದ್ದು ಇದಲ್ಲ ಅನ್ನಿಸಿತೋ ಏನೋ, ಬಿಟ್ಟು ಹೋಯಿತು. ಬೇಕಿದ್ದರೆ ಅವಳನ್ನು ಎಳೆದೊಯ್ಯುವುದು ಅದಕ್ಕೆ ಯಾವ ಲೆಕ್ಕ?

“ಏನಕ್ಕ, ಇದೋ ಅಲ್ವೋ?” ಎಂದ ಅವಳ ತಮ್ಮ. ಇದನ್ನು ಹಿಡಿದು ತಂದದ್ದು ಅವನದೇ ದೋಣಿ. ಅಕ್ಕನ ಕಾಲು ಕಂಡಾಗಲೆಲ್ಲ ಅವನು ಹಲ್ಲು ಕಡಿಯುತ್ತಿದ್ದ. “ಅಲ್ಲ ಅಂದ್ರೆ ಅಲ್ಲ ಅನ್ನು. ನಾಳೆ ಇನ್ನೂ ಜಾಸ್ತಿ ಗಾಳ ಹಾಕ್ತೀನಿ. ಅದು ಸಿಗೋವರೆಗೂ ನಾನಂತೂ ಬಿಡಲ್ಲ.”

ಟೀಚರ್ ಶಾರ್ಕಿನ ತೆರೆದ ಬಾಯಿಯನ್ನು ನೋಡಿದಳು. ಇನ್ನೂ ಪೂರ್ತಿ ಬೆಳೆಯದ ಪ್ರಾಣಿ. ಬಾಯಿ ಅವಳ ಅಂಗೈಗಿಂತ ಒಂದಿಷ್ಟು ಅಗಲವಿತ್ತು, ಅಷ್ಟೇ. ಇದಲ್ಲ ಎಂದರೆ ನಾಳೆ ಇನ್ನೊಂದು, ನಾಡಿದ್ದು ಮತ್ತೊಂದು. ಅವಳು ಊರುಗೋಲನ್ನು ಬಿಗಿಯಾಗಿ ಹಿಡಿದು ತಲೆಯೆತ್ತಿದಳು.

“ಇದೇ,” ಎಂದಳು. “ನನಗೆ ಕಚ್ಚಿದ್ದು ಇದೇ.”

ಕಟ್ಟೆಯ ತುಂಬ ಸಿಳ್ಳೆ, ಚಪ್ಪಾಳೆ. ಅಧ್ಯಕ್ಷ ಶಾರ್ಕಿನ ಬೆನ್ನ ಮೇಲೆ ಕೈಯಿಟ್ಟು, ತಾನೇ ಅದರ ಜೊತೆ ಕುಸ್ತಿಯಾಡಿ ಗೆದ್ದವನಂತೆ ಫೋಟೋಕ್ಕೆ ನಿಂತ.

“ಅಧ್ಯಕ್ಷರೇ, ಸಮುದ್ರದಲ್ಲಿರೋ ಗಾಳಗಳನ್ನೆಲ್ಲ ಇವತ್ತೇ ಎತ್ತಿಸಿಬಿಡಿ,” ಎಂದಳು ಟೀಚರ್. “ಶೆಡ್ಡಿನ ಕರುಳು ನೀರಿಗೆ ಸುರಿಯೋದೂ ನಿಲ್ಲಬೇಕು. ಆ ವಾಸನೆಗೇ ಬರೋದು ಅವು. ಕರೆದು ಊಟ ಹಾಕಿ, ಆಮೇಲೆ ಯಾಕೆ ಬಂದೆ ಅಂತ ಹೊಡೆದು ಸಾಯಿಸಿದ್ರೆ ಹೇಗೆ?”

“ಆಯ್ತಮ್ಮ, ಆಯ್ತು! ನಾಳೆಯಿಂದಾನೇ ಗುಂಡಿ ತೋಡಿಸಿ ಹೂಳಿಸ್ತೀನಿ.” ಅವನಿದ್ದ ಖುಷಿಗೆ ಅವತ್ತು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದ.

ತಮ್ಮನೊಬ್ಬ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. ಅವನು ಕುಕ್ಕರುಗಾಲಲ್ಲಿ ಕೂತು, ಬೆರಳುಗಳನ್ನು ಅಗಲಿಸಿ ಶಾರ್ಕಿನ ದವಡೆ ಅಳೆದ. ಬೆರಳುಗಳನ್ನು ಹಾಗೇ ಹಿಡಿದು ಅಕ್ಕನ ಕಾಲಿನ ಕಲೆಯ ಪಕ್ಕಕ್ಕೆ ತಂದ. ಕಲೆ ಎರಡೂ ಕಡೆ ಬೆರಳುಗಳಾಚೆಗೆ ಚಾಚಿಕೊಂಡಿತ್ತು.

“ಅಕ್ಕಾ, ಇದು ಅಲ್ಲವೇ ಅಲ್ಲ,” ಎಂದ ಮೆಲ್ಲಗೆ.

“ಗೊತ್ತು.”

“ಮತ್ತೆ ಯಾಕೆ...”

“ನಾನು ಇದಲ್ಲ ಅಂದಾಗೆಲ್ಲ ನೀನು ಇನ್ನೊಂದು ತರ್ತೀಯಲ್ಲ, ಅದಕ್ಕೆ. ನನ್ನ ಹೆಸರಲ್ಲಿ ಇನ್ನು ಒಂದೂ ಸಾಯಬಾರದು ಕಣೋ. ಹೋಗಿ ಗಾಳ ಎತ್ತು.”

ಅವನು ದವಡೆ ಅಳೆದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಆಮೇಲೆ ಎದ್ದು, ಗಾಳ ಎತ್ತಲು ದೋಣಿ ಹತ್ತಿದ.

ಭಾನುವಾರ ಬೆಳಿಗ್ಗೆ ಊರಿಗೆ ಊರೇ ದಂಡೆಗೆ ಬಂದಿತ್ತು. ಕಚ್ಚಿದ್ದು ಸತ್ತಿತಲ್ಲ, ಇನ್ನು ಯಾರಿಗೆ ಹೆದರಬೇಕು? ಮೂರು ತಿಂಗಳು ಮನೆಯೊಳಗೆ ಕೂತವರೆಲ್ಲ ಕೇಕೆ ಹಾಕಿಕೊಂಡು ನೀರಿಗೆ ಬಿದ್ದರು. ಅಧ್ಯಕ್ಷನೂ ಪ್ಯಾಂಟು ಮಡಚಿ ಮೊಣಕಾಲುದ್ದದ ನೀರಲ್ಲಿ ನಿಂತು ಎಲ್ಲರಿಗೂ ಧೈರ್ಯ ಹೇಳುತ್ತಿದ್ದ. ಹೊಳೆಯಿಂದ ದೂರ, ತಳ ಕಾಣುವಷ್ಟು ತಿಳಿಯಾದ ನೀರಿನ ಅಂಚಿನಲ್ಲಿ ಟೀಚರ್ ಊರುಗೋಲು ಕೆಳಗಿಟ್ಟಳು. ಹೆದರಿಕೆ ಹೋಗಿರಲಿಲ್ಲ. ಅದನ್ನು ಮುಚ್ಚಿಡಲು ಅವಳು ಹೋಗಲಿಲ್ಲ. ತಮ್ಮ ಓಡಿಬಂದು ಅವಳ ತೋಳು ಹಿಡಿದ.

“ಇವರಿಗೇನು, ಅದು ಸತ್ತಿದೆ ಅಂದ್ಕೊಂಡು ಇಳೀತಿದಾರೆ. ನಿನಗೆ ಗೊತ್ತಲ್ಲಕ್ಕ, ಅದು ಇಲ್ಲೇ ಎಲ್ಲೋ ಇದೆ.”

“ಇರಲಿ,” ಎಂದು ಅವಳು ಅವನ ಕೈ ಬಿಡಿಸಿಕೊಂಡು ನೀರಿಗೆ ಕಾಲಿಟ್ಟಳು. “ನಾನೂ ಇಲ್ಲೇ ಇರಬೇಕಲ್ಲ.”