ನಗುತ್ತಾ ಹಾಕಿದ ಸಹಿ

ಚೆಕ್ಕನ್ನು ಭಾವ ಅವಳ ಕೈಗೆ ಕೊಡಲಿಲ್ಲ. ಮೇಜಿನ ಆಚೆ ಬದಿಯಿಂದಲೇ ಎತ್ತಿ ತೋರಿಸಿ, ಮತ್ತೆ ಅಂಗಿಯ ಜೇಬಿಗೆ ಇಳಿಸಿದರು.

"ಆಸ್ಪತ್ರೆಯಲ್ಲಿ ಕೊಟ್ಟಿದ್ದು. ನೀನು ಔಷಧಿ ತರೋಕೆ ಕೆಳಗೆ ಹೋಗಿದ್ದೆ ನೋಡು, ಆವಾಗ. ನಾನು ಬೇಡ ಬೇಡ ಅಂದೆ. ತಮ್ಮ ಕೇಳಲಿಲ್ಲ."

ಗಂಡನ ಅಂತ್ಯಸಂಸ್ಕಾರದ ಗದ್ದಲ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಹಾಲಿನವನು ಬಂದುಹೋಗಿದ್ದ. ನಲ್ಲಿಯಲ್ಲಿ ನೀರು ಬರುತ್ತಿತ್ತು. ಭಾವ ಎರಡನೆಯ ಲೋಟ ಚಹಾ ಕುಡಿಯುತ್ತಿದ್ದರು. ದುಃಖದಲ್ಲಿ ಅವರಿಗೆ ಸಕ್ಕರೆ ಕೊಂಚ ಜಾಸ್ತಿಯೇ ಬೇಕಾಗುತ್ತಿತ್ತು.

"ಎಷ್ಟಕ್ಕೆ, ಭಾವ?"

"ಇರೋದಕ್ಕೆಲ್ಲ." ಅವರು ಕಣ್ಣೊರೆಸಿಕೊಂಡರು. "ಹುಟ್ಟಿದಾಗಿನಿಂದ ನನ್ನ ಮಾತಿಗೆ ಎದುರಾಡಿದವನು. ಅವತ್ತು ನೋಡು, ನಗ್ತಾ ಸೈನ್ ಹಾಕಿದ. ಊಟ ಮಾಡ್ಕೊಂಡು ಬ್ಯಾಂಕಿಗೆ ಹೋಗಿಬರ್ತೀನಿ. ನೀನು ತಲೆ ಕೆಡಿಸ್ಕೋಬೇಡಮ್ಮ."

ಖಾತೆ ಗಂಡನ ಹೆಸರಿನಲ್ಲಿತ್ತು. ಅವನು ಈಜು ಕಲಿಸುವವನು. ಕೈ ಒಣಗಿರುತ್ತಿದ್ದುದೇ ಅಪರೂಪ. ಕೊಳದ ಗೋಡೆಗೆ ಹಾಕಿದ್ದ 'ಓಡಬೇಡಿ' ಎಂಬ ಫಲಕವನ್ನೂ ಅವಳೇ ಬರೆದುಕೊಟ್ಟಿದ್ದಳು. ಖಾತೆಯೊಳಗಿನ ದುಡ್ಡಾದರೂ ಬಹುಪಾಲು ಅವಳ ಕಾಲೇಜಿನ ಸಂಬಳ. ಅದು ಹೋದರೆ ಬಾಡಿಗೆಗೆ ಗತಿಯಿಲ್ಲ. ಬಾಡಿಗೆ ಇಲ್ಲದಿದ್ದರೆ ಈ ಮನೆಯೂ ಇಲ್ಲ.

ಬ್ಯಾಂಕಿನ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಅಲ್ಲಿದ್ದಳು.

"ಒಂದು ಚೆಕ್ ನಿಲ್ಲಿಸಬೇಕಿತ್ತು."

ಗುಮಾಸ್ತರ ಮುಖ ಅರಳಿತು. ನಿಯಮ ಹೇಳುವ ಸುಯೋಗ ದಿನಾ ಸಿಗುವಂಥದ್ದಲ್ಲ. "ಸ್ಟಾಪ್ ಪೇಮೆಂಟ್. ಬಹಳ ಸುಲಭ. ಚೆಕ್ ನಂಬರು, ತಾರೀಖು, ಯಾರ ಹೆಸರಿಗೆ, ಎಷ್ಟು ಮೊತ್ತ, ಎಲ್ಲ ಬರೆದುಕೊಡಿ. ಒಂದಂಕಿ ಹೆಚ್ಚುಕಮ್ಮಿ ಆದ್ರೂ ಚೆಕ್ ನಮ್ಮ ಕಣ್ತಪ್ಪಿಸಿ ಹೋಗಿಬಿಡುತ್ತೆ. ಚೆಕ್ಕಿಗಿಂತ ಮುಂಚೆ ಅರ್ಜಿ ಬರಬೇಕು. ಸ್ವಲ್ಪ ಶುಲ್ಕ ಇರುತ್ತೆ. ಆಮೇಲೆ ಖಾತೆದಾರರ ಸಹಿ."

"ಅವರು ಹೋಗ್ಬಿಟ್ರು."

"ಪರವಾಗಿಲ್ಲ, ಬಂದ್ಮೇಲೆ ಹಾಕ್ಲಿ."

"ಬರಲ್ಲ. ಹೋಗ್ಬಿಟ್ರು."

ಗುಮಾಸ್ತರು ಕನ್ನಡಕ ತೆಗೆದು ಕೆಳಗಿಟ್ಟರು. "ಛೆ. ಹಾಗಾದ್ರೆ ಈ ಅರ್ಜಿಯೇ ಬೇಡ ಮೇಡಂ. ಖಾತೆದಾರರು ತೀರ್ಕೊಂಡ್ರೆ ಅವರ ಚೆಕ್ಕೆಲ್ಲ ತಾನಾಗೇ ನಿಲ್ಲುತ್ತೆ. ಡೆತ್ ಸರ್ಟಿಫಿಕೇಟ್ ಕೊಡಿ ಸಾಕು."

"ಎರಡು ವಾರ ಆಗುತ್ತಂತೆ."

"ಹಾಗಾದ್ರೆ ಎರಡು ವಾರ ನಮ್ಮ ಪ್ರಕಾರ ಅವರು ಬದುಕಿರ್ತಾರೆ."

"ಬದುಕಿದ್ರೆ ನಿಲ್ಲಿಸಬಹುದಲ್ವಾ?"

"ಖಂಡಿತ. ಅವರು ಸಹಿ ಹಾಕಿದ್ರೆ."

ತನ್ನ ಗಂಡ ಬದುಕಿದ್ದಾನೆಂದು ಇಷ್ಟು ಖಡಾಖಂಡಿತವಾಗಿ ಹೇಳಿದವರು ಇವರೊಬ್ಬರೇ. ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅರ್ಜಿಯ ಕೆಳಗಿದ್ದ ಸಹಿಯ ಚೌಕವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೇಳಿದಳು:

"ಚೆಕ್ ಬಂದಾಗ ಸಹಿ ನೋಡ್ತೀರಾ?"

ಗುಮಾಸ್ತರಿಗೆ ಅವಮಾನವಾಯಿತು. "ನೋಡ್ತೀರಾ ಅಂದ್ರೆ? ಖಾತೆ ತೆರೆದಾಗ ಕೊಟ್ಟ ಸಹಿ ಇಲ್ಲಿ ಕಂಪ್ಯೂಟರಲ್ಲಿದೆ. ಬಾಲ ಒಂಚೂರು ಸೊಟ್ಟಗಿದ್ರೂ ವಾಪಸ್. ದೇವರೇ ಬಂದು ಸಾಕ್ಷಿ ಹೇಳಿದ್ರೂ ಕೇಳಲ್ಲ." ದನಿ ತಗ್ಗಿಸಿದರು. "ಯಾರಾದ್ರೂ ಕಳ್ಳಸಹಿ ಹಾಕಿದಾರಾ?"

"ಇಲ್ಲ. ಅವರೇ ಹಾಕಿದ್ದಂತೆ. ನಮ್ಮ ಭಾವ ಕಣ್ಣಾರೆ ನೋಡಿದಾರೆ."

"ಅಯ್ಯೋ, ಹಾಗಾದ್ರೆ ದುಡ್ಡು ಹೋದ ಹಾಗೇ ಅಂದ್ಕೊಳ್ಳಿ ಮೇಡಂ."

ಅವಳು ಅರ್ಜಿಯನ್ನು ಅಲ್ಲೇ ಬಿಟ್ಟು ಮನೆಗೆ ನಡೆದಳು. ಭಾವನಿಗೆ ಊಟ ಬಡಿಸಿದಳು. ಅವರು ಜೇಬು ಸವರಿಕೊಳ್ಳುತ್ತ ಹೊರಟ ಮೇಲೆ ಮಲಗಿದಳು. ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಬಾಗಿಲು ದಬದಬ ಬಡಿದ ಸದ್ದಿಗೇ ಎಚ್ಚರವಾದದ್ದು.

"ಸಹಿ ತಾಳೆ ಆಗಲ್ವಂತೆ." ಭಾವನ ಮುಖ ಕೆಂಪೇರಿತ್ತು. "ನಾಲ್ಕು ಜನರ ಮುಂದೆ ನನ್ನನ್ನ ಕಳ್ಳನ ಥರ ನೋಡಿದ, ಆ ಗುಮಾಸ್ತ. ನನ್ನ ಎದುರೇ ಹಾಕಿದ್ದು ಅಂದ್ರೂ ನಂಬಲಿಲ್ಲ. ನೀನಾದ್ರೂ ಬಂದು ಹೇಳಮ್ಮ, ಅವನೇ ಹಾಕಿದ್ದು ಅಂತ."

"ಅವರೇ ಹಾಕಿದ್ದು, ಭಾವ. ನನಗೆ ಅನುಮಾನವೇ ಇಲ್ಲ."

ಅವಳು ಒಳಗೆ ಹೋಗಿ, ಆಸ್ಪತ್ರೆಯಿಂದ ತಂದ ಚೀಲದಿಂದ ಚಿನ್ನದ ಬಣ್ಣದ ಮುಚ್ಚಳದ ಪೆನ್ನೊಂದನ್ನು ತಂದಳು.

"ಇದು ನಿಮ್ಮದಲ್ವಾ? ಅವರ ದಿಂಬಿನ ಕೆಳಗಿತ್ತು."

"ಹೂಂ, ನಂದೇ. ಸೈನ್ ಹಾಕೋಕೆ ಇಸ್ಕೊಂಡಿದ್ದ. ವಾಪಸ್ ಕೊಡಲೇ ಇಲ್ಲ."

ಅವಳು ಅದನ್ನು ಅವರ ಜೇಬಿಗೆ, ಚೆಕ್ಕಿನ ಪಕ್ಕಕ್ಕೇ ಸಿಕ್ಕಿಸಿದಳು.

"ಅವರ ಹತ್ತಿರ ಪೆನ್ನೇ ಇರಲಿಲ್ಲ, ಭಾವ. ಮದುವೆಯಾದಾಗಿನಿಂದ ಅವರ ಸಹಿ ಹಾಕ್ತಿದ್ದಿದ್ದು ನಾನು, ಬ್ಯಾಂಕಲ್ಲಿರೋದೂ ನಂದೇ."