ಹತ್ತಕ್ಕೆ ಹನ್ನೆರಡು

"ನನ್ನಾಣೆ ಡಾಕ್ಟ್ರೇ, ಒಂದಕ್ಷರ ಸುಳ್ಳಿಲ್ಲ. ನೋವು ಹತ್ತಕ್ಕೆ ಎಷ್ಟು ಅಂತ ಕೇಳಿದ್ರಲ್ಲ, ಹತ್ತಕ್ಕೆ ಹನ್ನೆರಡಿದೆ," ಎಂದ ಟೈಲರ್, ಎಮರ್ಜೆನ್ಸಿ ವಾರ್ಡಿನ ಮಂಚದ ಮೇಲೆ ಪಕ್ಕೆ ಹಿಡಿದು ಮುದುಡಿಕೊಂಡು. ಹೆಂಡತಿ ನಕ್ಕಳು. "ಮೂರು ಅಂತ ಬರ್ಕೊಳ್ಳಿ ಮೇಡಂ. ಇವರು ಹೇಳಿದ್ದನ್ನೆಲ್ಲ ನಾವು ಮನೇಲಿ ನಾಲ್ಕರಿಂದ ಭಾಗಿಸ್ತೀವಿ. ಮೊನ್ನೆ ಬೆರಳಿಗೆ ಸೂಜಿ ಚುಚ್ಚಿದ್ದಕ್ಕೆ ಆಸ್ತಿ ಪಾಲು ಮಾಡೋಕೆ ಕೂತಿದ್ರು. ಇರೋದು ಒಂದು ಹೊಲಿಗೆ ಮಿಷನ್ನು!" ಡಾಕ್ಟರಿಗೂ ನಗು ಬಂತು. ಮೂರರಷ್ಟು ನೋವಿಗೆ ಸಿಗುವುದು ಮಾತ್ರೆ. ಅದನ್ನೇ ಕೊಟ್ಟು, ಸ್ಕ್ಯಾನಿಂಗ್ ಸರದಿ ಬರುವವರೆಗೆ ಕಾಯಲು ಹೇಳಿದರು.

ಕಾಯುವಾಗ ಅವನು ಹೆಂಡತಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಅವಳು ಒಂದೊಂದೇ ಬೆರಳು ಬಿಡಿಸಿದಳು. "ಸಾಕು ರೀ ನಾಟಕ, ಜನ ನೋಡ್ತಿದಾರೆ." ಊರಿಗೆಲ್ಲ ಬುರುಡೆ ಬಿಡುವ ಗಂಡ ಅವತ್ತು ಟವೆಲ್ ಕಚ್ಚಿಕೊಂಡು ಸುಮ್ಮನೆ ಮಲಗಿದ.

ಸ್ಕ್ಯಾನ್ ನೋಡಿದ ಡಾಕ್ಟರ್ ಓಡಿಬಂದರು. "ಅಮ್ಮಾ, ಮೂತ್ರನಾಳದಲ್ಲಿ ದೊಡ್ಡ ಕಲ್ಲು ಸಿಕ್ಕೊಂಡಿದೆ. ಇವರು ಹೇಳಿದ್ದೇ ಕಮ್ಮಿ. ನಾನೂ ನಿಮ್ಮ ಜೊತೆ ನಗಬಾರದಿತ್ತು." ಅವರೇ ನಿಂತು ಮಾರ್ಫಿನ್ ಕೊಡಿಸಿದರು. ಹೆಂಡತಿ ತಲೆ ಎತ್ತಲಿಲ್ಲ.

ಮದ್ದು ಏರುತ್ತಿದ್ದಂತೆ ಟೈಲರನ ಮುಷ್ಟಿ ಸಡಿಲವಾಯಿತು, ಹಿಂದೆಯೇ ನಾಲಿಗೆಯೂ. ಪಕ್ಕದ ಮಂಚದ ಮುದುಕನ ಕಡೆ ತಿರುಗಿದ. "ತಾತಾ, ನನ್ನ ಹೆಂಡ್ತಿ ಎಂಥವಳು ಗೊತ್ತಾ? ನಾನು ಬಾಯಿ ತೆಗೆಯೋ ಮುಂಚೆನೇ ನನ್ನ ನೋವು ಅವಳಿಗೆ ಗೊತ್ತಾಗತ್ತೆ. ಇವತ್ತು ಡಾಕ್ಟ್ರ ಕಾಲು ಹಿಡ್ಕೊಂಡು ಅತ್ತಿದ್ದಕ್ಕೇ ಈ ಇಂಜೆಕ್ಷನ್ನು..."

ಅವನ ಮಾತು ಮುಗಿಯುವ ಮೊದಲೇ ಹೆಂಡತಿ ಮುಖ ಮುಚ್ಚಿಕೊಂಡು ಹೊರಗೆ ನಡೆದುಬಿಟ್ಟಳು.